ಫಿಲಿಪ್ಪೀನ್ಸಿನ ಮಧ್ಯವಯಸ್ಕರ ನೆಮ್ಮದಿಗೆ ಬಂಧುಬಳಗದ ಆಸರೆ ಎಷ್ಟರ ಮಟ್ಟಿಗೆ ಕಾರಣ?

ಆಸರೆ ಮುಖ್ಯವೇ ಹೌದು. ಆದರೆ ಅದು ನೆಮ್ಮದಿಯಾಗಿ ಪರಿಣಮಿಸುವುದು, ವ್ಯಕ್ತಿ ತನ್ನನ್ನು ತಾನು ಹೇಗೆ ಕಾಣುತ್ತಾನೆ ಎಂಬುದನ್ನೂ ಅವಲಂಬಿಸಿದೆ. 1988ರಲ್ಲಿ ಮನೋವಿಜ್ಞಾನಿ ಜಿಮೆಟ್ ಮತ್ತು ಸಂಗಡಿಗರು ಪ್ರಕಟಿಸಿದ, ಈಗಲೂ ವ್ಯಾಪಕವಾಗಿ ಬಳಕೆಯಲ್ಲಿರುವ 12 ಹೇಳಿಕೆಗಳ ಮಾಪನವು ಕುಟುಂಬ, ಗೆಳೆಯರು ಹಾಗೂ ಆಪ್ತರೊಬ್ಬರ ಬೆಂಬಲ ತನಗಿದೆ ಎಂಬ ಅನಿಸಿಕೆಯನ್ನೇ ಅಳೆಯುತ್ತದೆ.

ಫಿಲಿಪ್ಪೀನ್ಸಿನಲ್ಲಿ ನಲವತ್ತು ದಾಟಿದ ಅನೇಕರು ಪಡೆಯುವುದಕ್ಕಿಂತ ಕೊಡುವ ಸ್ಥಾನದಲ್ಲಿರುತ್ತಾರೆ: ಹಾಂಗ್‌ಕಾಂಗಿನಲ್ಲೋ ದುಬೈಯಲ್ಲೋ ಮನೆಗೆಲಸ ಮಾಡುವ ತಾಯಿ ಮಕ್ಕಳ ಶಾಲೆಯ ಶುಲ್ಕದ ಜೊತೆಗೆ ಸಾಬೂನು, ಚಾಕೊಲೇಟು, ಡಬ್ಬಿಯ ಮಾಂಸ ತುಂಬಿದ ‘ಬಾಲಿಕ್‌ಬಾಯನ್’ (ತಾಯ್ನಾಡಿಗೆ ಮರಳುವವರು) ಎಂಬ ಹೆಸರಿನ ಪೆಟ್ಟಿಗೆಯನ್ನೂ ಹಡಗಿನಲ್ಲಿ ಕಳುಹಿಸುತ್ತಾಳೆ. ಹೆತ್ತವರು, ಮಕ್ಕಳು ಪರಸ್ಪರ ಪೋಷಿಸಬೇಕೆಂದು ಅಲ್ಲಿನ ಕುಟುಂಬ ಸಂಹಿತೆಯೇ ವಿಧಿಸಿದೆ (ಪ್ರೀತಿಗೆ ಕಾನೂನಿನ ಒತ್ತಾಸೆ ಎನ್ನಬಹುದು). ಕೊಡಬಲ್ಲೆನೆಂಬ ಭಾವವು ಆತ್ಮಗೌರವವನ್ನು ಬೆಳೆಸುತ್ತದೆ. ಕೆಲಸ ತಪ್ಪಿದಾಗ ಅದೇ ಭಾವ ನಾಚಿಕೆಯಾಗಿ ತಿರುಗಿ, ಕೇಳಿದರೆ ಸಿಗುವ ನೆರವನ್ನೂ ಕೇಳಗೊಡದಿರಬಹುದು.