ಗಾಡಿ ಮಾತು: ಸಪ್ಪಳ ಒಂದ್ಕಡೆ, ರೋಗ ಇನ್ನೊಂದ್ಕಡೆ

ಪ್ರಶ್ನೆ: ನಂದು 1999ರ ಜಿಪ್ಸಿ ಐತ್ರಿ, ಸೆಕೆಂಡ್ ಹ್ಯಾಂಡ್ ತಗೊಂಡು ಮೂರು ವರ್ಷಾತು. ಡಂಬಳದ ಕಡೆ ಹೊಲಕ್ಕ ಹೋಗಿ ಬರೂದು, ಸೂಟಿ ಇದ್ರ ಕಪ್ಪತಗುಡ್ಡದ ಕಡೆ ದೋಸ್ತರ ಜೋಡಿ ಒಂದು ರೌಂಡು, ಇಷ್ಟ ಅದರ ಕೆಲಸ. ಈ ಸಲ ಮಳಿಗಾಲ ಮುಗದಮ್ಯಾಲೆ ಮುಂದಿನ ಎಡಗಡೆಯಿಂದ ಸಪ್ಪಳ ಚಾಲೂ ಆಗೇತಿ. ಸಣ್ಣ ತಗ್ಗು ಬಂದ್ರ ಕಿರ್ರ್ ಕಿರ್ರ್ ಅಂತೈತಿ, ಬ್ರೇಕ್ ಹೊಡದ್ರ ಒಮ್ಮೆ ಧಡ್ ಅಂದು ಸುಮ್ನಾಗ್ತೈತಿ. ಮೇಸ್ತ್ರಿ ಶಾಕಬ್ಸರ್ ಹೋಗ್ಯಾವ ಅಂದ, ನಾಲ್ಕೂ ಹೊಸಾವು ಹಾಕಿಸಿದೆ. ಎರಡು ದಿನ ಆರಾಮ ಅನಿಸ್ತು, ಹೊಳ್ಳಿ ಅದ ಸಪ್ಪಳ. ಈಗ ಪಾಟಾ ಸೆಟ್ (ಉಕ್ಕಿನ ಪಟ್ಟಿ ಸ್ಪ್ರಿಂಗ್) ಪೂರಾ ಬದ್ಲಿ ಮಾಡೂನು ಅನ್ನಾಕತ್ತಾನ. ಮಾಡಸ್ಲೋ ಬ್ಯಾಡೋ?
— ಮುಂಡರಗಿ ತಾಲೂಕಿನ ಓದುಗರು

ಉತ್ತರ: ಸದ್ಯಕ್ಕ ಒಂದು ರೂಪಾಯಿದೂ ಸಾಮಾನು ತಗೋಬ್ಯಾಡ್ರಿ. ಸಪ್ಪಳ ಎಲ್ಲಿ ಹುಟ್ತೈತಿ ಅನ್ನೂದು ಕೈಗೆ ಸಿಗೋತನಕ ಪಾನಾ ಹಿಡಿಯೂದ ಬ್ಯಾಡ. ಜಿಪ್ಸಿಗೆ ಉದ್ದಕ ಚಾಸಿ (ಬುಡದ ಕಬ್ಬಿಣದ ಚೌಕಟ್ಟು) ಐತಿ, ಮುಂದೂ ಹಿಂದೂ ಇಡೀ ಆ್ಯಕ್ಸಲ್ (ಎರಡೂ ಗಾಲಿ ಕೂಡಸೋ ದಂಡ), ನಾಲ್ಕೂ ಗಾಲಿಗೆ ಪಾಟಾ. ಎಲ್ಲಾ ಕಬ್ಬಿಣ ಒಂದಕ್ಕೊಂದು ಬಿಗದದ್ದು, ಹಿಂದ ಕುಟ್ಟಿದ ಸಪ್ಪಳ ಚಾಸಿ ಹಿಡಕೊಂಡು ಮುಂದ ನಿಮ್ಮ ಕಾಲ್ಬುಡಕ್ಕ ಬಂದು ಕೇಳಸ್ತೈತಿ. ಎಡಗಡೆ ಅಂತ ನೀವು ಬರದೀರಿ, ಅದನ್ನ ನಾನು ನಂಬ್ತೀನಿ ಆದ್ರ ಪೂರಾ ನಂಬೂದಿಲ್ಲ, ನೀವೂ ನಂಬಬ್ಯಾಡ್ರಿ.

ಇನ್ನೊಂದು, ನೀವು ಬರದದ್ದು ಒಂದು ಸಪ್ಪಳ ಅಲ್ಲ, ಎರಡು. ಕಿರ್ರ್ ಅನ್ನೂದ ಬ್ಯಾರೆ, ಧಡ್ ಅನ್ನೂದ ಬ್ಯಾರೆ. ಎರಡಕ್ಕೂ ಒಂದ ಔಷಧ ಹುಡುಕಿದ್ದಕ್ಕ ನಾಲ್ಕು ಶಾಕಬ್ಸರಿನ ರೊಕ್ಕ ಹೋತು.

ಮೊದಲ ಗಾಡಿ ಬುಡಕ್ಕ ಛಲೋ ವಾಟರ್ ವಾಷ್ ಮಾಡಸ್ರಿ. ನಿಮ್ಮ ಕಡೆ ಯರಿ ಮಣ್ಣು, ಮಳ್ಯಾಗ ಪಾಟಾದ ಸಂದಿಯೊಳಗ ಹೊಕ್ಕು ಕುಂತು ಒಣಗಿದ್ರ ಸಿಮೆಂಟಿನಂಗ ಆಗ್ತೈತಿ, ಅದರಾಗ ಸಣ್ಣ ಹರಳು ಇದ್ರಂತೂ ಪಾಟಾ ಸರದಾಗೆಲ್ಲಾ ಒದರ್ತೈತಿ. ಎಷ್ಟೋ ಗಾಡಿ ಕಿರ್ರ್ ಅನ್ನೂದು ಬರೇ ತೊಳದ್ರ ಅರ್ಧಾ ಕಡಿಮಿ ಆದದ್ದು ನೋಡೀನಿ. ತೊಳದು ಒಣಗಿದಮ್ಯಾಲೂ ಸಪ್ಪಳ ಐತಿ ಅಂದ್ರ ಒಂದು ಬಾಟ್ಲಿಯೊಳಗ ಸಾಬೂನು ನೀರು ತುಂಬ್ಕೊಂಡು ಶಾಕಲ್ (ಪಾಟಾದ ತುದಿ ಚಾಸಿಗೆ ತೂಗಹಾಕೋ ಕೊಂಡಿ) ಒಳಗಿನ ಬುಷ್‌ಗೆ, ಅಂದ್ರ ರಬ್ಬರ್ ಬಳಿಗೆ ಮಾತ್ರ ಹೊಡೀರಿ, ಒಬ್ಬರಿಗೆ ಬಂಪರ್ ಮ್ಯಾಲೆ ನಿಂತು ಗಾಡಿ ಮ್ಯಾಲೆ ಕೆಳಗ ಕುಣಸಾಕ ಹೇಳ್ರಿ. ಸಪ್ಪಳ ನಿಂತ್ರ ಅದು ಆ ಬುಷ್‌ನಿಂದ ಬರಾಕತ್ತೈತಿ ಅಂತ ತಿಳೀರಿ, ನಿಲ್ಲಲಿಲ್ಲಂದ್ರ ಮುಂದಿನ ಬುಷ್‌ಗೆ ಹೊಡೀರಿ. ಒಂದೊಂದ ಬುಷ್ ಹಿಡೀರಿ, ಎಲ್ಲಾದಕ್ಕೂ ಒಮ್ಮೆಲೆ ಹೊಡದ್ರ ಏನೂ ತಿಳಿಯಂಗಿಲ್ಲ. ಮತ್ತ ರಬ್ಬರ್ ಬುಷ್‌ಗೆ ಗ್ರೀಸ್ ಆಗ್ಲಿ ಸುಟ್ಟ ಇಂಜಿನ್ ಆಯಿಲ್ ಆಗ್ಲಿ ಹಚ್ಚಬ್ಯಾಡ್ರಿ, ನಾಲ್ಕು ದಿನ ಸುಮ್ನಿರ್ತೈತಿ ಆಮ್ಯಾಲೆ ರಬ್ಬರ್ ಉಬ್ಬಿ ಹರೀತೈತಿ. ಹಚ್ಚೂದಾದ್ರ ಸಿಲಿಕಾನ್ ಗ್ರೀಸ್ ಹಚ್ರಿ.

ಈಗ ಧಡ್ ಅನ್ನೂದಕ್ಕ ಬರೂನು, ನನಗ ಚಿಂತಿ ಆಗಿದ್ದು ಇದರದ. ಬ್ರೇಕ್ ಹೊಡದಾಗ ಒಮ್ಮೆ ಧಡ್ ಅಂದು ಸುಮ್ನಾಗ್ತೈತಿ ಅಂದ್ರ ಏನೋ ಒಂದು ಸಾಮಾನು ಮುಂದ ಸರದು ನಿಲ್ತೈತಿ. ಶಾಕಬ್ಸರ್ ಹಂಗ ಮಾಡೂದಿಲ್ರಿ, ಅದರ ಕಣ್ಣಿನ ಬುಷ್ ಹೋದ್ರ ಪ್ರತಿ ಸಣ್ಣ ತಗ್ಗಿಗೂ ಟಕ್ ಟಕ್ ಅಂತಿರ್ತೈತಿ. ಒಮ್ಮೆ ಸರದು ನಿಲ್ಲೂದಂದ್ರ ಪಾಟಾನ ಆ್ಯಕ್ಸಲ್‌ಗೆ ಬಿಗಿಯೋ ಯು ಬೋಲ್ಟ್ ಸಡ್ಲ, ಇಲ್ಲಾ ಪಾಟಾದ ಪಟ್ಟಿಗಳನ್ನ ನಡುವ ಕೂಡಿಸಿ ಹಿಡಿಯೋ ಸೆಂಟರ್ ಬೋಲ್ಟ್ ಕಟ್, ಇಲ್ಲಾ ಪಾಟಾ ಕಣ್ಣಿನ ಬುಷ್ ಪೂರಾ ತಿಂದು ಹೋಗೈತಿ.

ಬ್ಯಾಟ್ರಿ ದೀಪ ಹಿಡಕೊಂಡು ಯು ಬೋಲ್ಟ್ ಬುಡಕ್ಕ ನೋಡ್ರಿ. ಬಿಗಿ ಇದ್ದಲ್ಲಿ ಧೂಳು ಒಂದೇ ಸಮ ಕುಂತಿರ್ತೈತಿ. ಸಡ್ಲ ಇದ್ದಲ್ಲಿ ನಟ್ ಸುತ್ತ ಕುಂಕುಮದಂಥಾ ಕೆಂಪು ತುಕ್ಕಿನ ಪುಡಿ ಉದರಿರ್ತೈತಿ, ಅದರ ಮಗ್ಗಲಕ ಕಬ್ಬಿಣ ತಿಕ್ಕಿ ತಿಕ್ಕಿ ಹೊಸಾ ರೂಪಾಯಿ ನಾಣ್ಯದಂಗ ಹೊಳೀತಿರ್ತೈತಿ. ಆ ಹೊಳಪು ಕಂಡ್ರ ಅಲ್ಲೆ ಸಾಮಾನು ಸರದಾಡಾಕತ್ತೈತಿ, ಬ್ಯಾರೆ ಸಾಕ್ಷಿ ಬೇಕಾಗಿಲ್ಲ.

ಸೆಂಟರ್ ಬೋಲ್ಟ್ ಒಳಗಿರ್ತೈತಿ, ಕಟ್ ಆದ್ರೂ ಹೊರಗ ಕಾಣೂದಿಲ್ಲ. ಅದಕ್ಕ ಅಳತಿ ಹಿಡೀಬೇಕು. ಪಾಟಾದ ಒಂದು ತುದಿ ಚಾಸಿಗೆ ಪಿನ್ ಹಾಕಿ ಕುಂದ್ರಿಸಿರ್ತಾರ, ಇನ್ನೊಂದು ತುದಿ ಶಾಕಲ್‌ನಾಗ ತೂಗಾಡ್ತಿರ್ತೈತಿ. ಪಿನ್ ಇದ್ದ ತುದಿಯಿಂದ ಆ್ಯಕ್ಸಲ್‌ತನಕ ಒಂದು ಹುರಿ ಹಿಡದು ಗಂಟು ಹಾಕ್ರಿ, ಅದ ಹುರಿ ಇನ್ನೊಂದ ಮಗ್ಗಲಕ ಹಿಡೀರಿ. ಬೆರಳ ದಪ್ಪ ಫರಕ್ ಬಂತಂದ್ರ ಆ್ಯಕ್ಸಲ್ ಒಂದ್ಕಡೆ ಸರದೈತಿ. ನವಲಗುಂದದ ಕಡೆಯವರೊಬ್ಬರ ಗಾಡಿ ಹಿಂಗ ಬಂದಿತ್ತು, ಸ್ಟೇರಿಂಗ್ ಒಂದ್ಕಡೆ ಎಳೀತೈತಿ ಅಂತ ಎರಡು ಸಲ ಅಲೈನ್‌ಮೆಂಟ್ ಮಾಡಿಸಿದ್ರು, ಟಾಯರ್ ಬದ್ಲಿ ಮಾಡಿದ್ರು, ಕಡೀಕ ಹುರಿ ಹಿಡದು ನೋಡಿದ್ರ ಸೆಂಟರ್ ಬೋಲ್ಟ್ ಎರಡು ತುಂಡಾಗಿತ್ತು. ಹಂಗ ಹೈವೇದಾಗ ಓಡಿಸಿದ್ರ ಜೀವಕ್ಕ ಕುತ್ತು ರೀ, ಆದ್ದರಿಂದ ಇದನ್ನ ಇವತ್ತ ನೋಡ್ರಿ.

ಆಮ್ಯಾಲೆ ಗಾಡಿ ಎತ್ತಿ ಮುಂದಿನ ಗಾಲಿ ಮ್ಯಾಲೊಂದು ಕೈ ಕೆಳಗೊಂದು ಕೈ ಹಿಡದು ಅಲ್ಲಾಡ್ಸಿ ನೋಡ್ರಿ. ಆಟ (ಸಡ್ಲ) ಬಂದ್ರ ಒಬ್ಬರಿಗೆ ಬ್ರೇಕ್ ಒತ್ತಿ ಹಿಡ್ಯಾಕ ಹೇಳ್ರಿ. ಬ್ರೇಕ್ ಒತ್ತಿದಾಗ ಆಟ ಹೋತು ಅಂದ್ರ ಗಾಲಿ ಬೇರಿಂಗ್, ಒತ್ತಿದ್ರೂ ಹಂಗ ಐತಿ ಅಂದ್ರ ಕಿಂಗ್ ಪಿನ್ (ಮುಂದಿನ ಗಾಲಿ ಎಡಕ್ಕ ಬಲಕ್ಕ ತಿರುಗೋ ಪಿನ್) ಬೇರಿಂಗ್. ಜಾಕ್ ಒಂದನ್ನ ನಂಬಿ ಗಾಡಿ ಬುಡಕ್ಕ ಹೋಗಬ್ಯಾಡ್ರಿ, ಇಟ್ಟಂಗಿ ಅಂತೂ ಬ್ಯಾಡೇ ಬ್ಯಾಡ, ಭಾರ ಬಿದ್ರ ಒಮ್ಮೆಲೆ ಪುಡಿ ಆಗ್ತಾವ. ಸ್ಟ್ಯಾಂಡ್ ಕೊಡ್ರಿ, ಹಿಂದಿನ ಗಾಲಿಗೆ ಎರಡೂ ಕಡೆ ಕಲ್ಲು ಕೊಡ್ರಿ.

ಧಡ್ ಅನ್ನೂದು ಕ್ಲಚ್ ಬಿಟ್ಟಾಗ, ಎಕ್ಸಲೇಟರ್ ಒತ್ತಿ ಬಿಟ್ಟಾಗೂ ಬರ್ತಿದ್ರ ಅದು ಪಾಟಾದ ಕಡೆದಲ್ಲ. ಜಿಪ್ಸಿಗೆ ಟ್ರಾನ್ಸ್‌ಫರ್ ಕೇಸ್ (ಇಂಜಿನ್ ಬಲ ಮುಂದಿನ ಹಿಂದಿನ ಗಾಲಿಗೆ ಹಂಚೋ ಪೆಟ್ಟಿಗಿ) ಗೇರ್‌ಬಾಕ್ಸಿನಿಂದ ಬ್ಯಾರೆ ಕುಂತೈತಿ, ನಡುವ ಒಂದು ಗಿಡ್ಡ ಶಾಫ್ಟ್ ಐತಿ. ಅದರ ರಬ್ಬರ್ ಮೌಂಟಿಂಗ್ ಹರದ್ರ, ಇಲ್ಲಾ ಶಾಫ್ಟಿನ ತುದಿಯ ಕ್ರಾಸ್ ಜಾಯಿಂಟ್ ಸವದ್ರ, ಇಂಥದ ಸಪ್ಪಳ ಬರ್ತೈತಿ.

ಪಾಟಾ ಸೆಟ್ ಬದ್ಲಿ ಮಾಡ್ಲೋ ಅಂತ ಕೇಳೀರಿ. ಬ್ಲೇಡ್ ಬಿರಕು ಬಿಟ್ಟಿದ್ರ, ಗಾಡಿ ಒಂದ್ಕಡೆ ಕುಂತಿದ್ರ, ಶಾಕಲ್ ತಿರುವಿ ನಿಂತಿದ್ರ ಮಾಡಸ್ರಿ. ಅದ್ಯಾವುದೂ ಇಲ್ಲಂದ್ರ ಬುಷ್, ಸೆಂಟರ್ ಬೋಲ್ಟ್, ಯು ಬೋಲ್ಟ್ ಹೊಸಾವು ಹಾಕಸ್ರಿ ಸಾಕು. ಬಿಚ್ಚಿದ ಹಳೇ ಯು ಬೋಲ್ಟ್ ಹೊಳ್ಳಿ ಹಾಕಾಕ ಬಿಡಬ್ಯಾಡ್ರಿ, ಅವು ಒಮ್ಮೆ ಎಳಕೊಂಡಿರ್ತಾವ.

ಒಂದು ಮಾತು ಮೇಸ್ತ್ರಿಗೆ ನೀವ ಹೇಳ್ರಿ, ಇದನ್ನ ಭಾಳ ಕಡೆ ಮಾಡೂದಿಲ್ಲ: ಬುಷ್ ಪಿನ್‌ಗಳನ್ನ ಗಾಡಿ ಎತ್ತಿದ್ದಾಗ ಬರೇ ಕೈಬಿಗಿ ಮಾಡ್ಬೇಕು, ಗಾಡಿ ನೆಲಕ್ಕ ಇಳಿಸಿ ಭಾರ ಪಾಟಾದ ಮ್ಯಾಲೆ ಬಿದ್ದಮ್ಯಾಲೆ ಕಡೀ ಬಿಗಿ ಕೊಡ್ಬೇಕು. ಎತ್ತಿದ್ದಾಗ ಬಿಗದ್ರ ಗಾಡಿ ಇಳಿಸಿದ ಕೂಡ್ಲೆ ರಬ್ಬರ್ ತಿರುಚ್ಕೊಂಡು ಕುಂದ್ರತೈತಿ, ಲಗೂನ ಹರೀತೈತಿ, ನಿಮ್ಮ ಕಿರ್ರ್ ಹೊಳ್ಳಿ ಬರ್ತೈತಿ. ಯು ಬೋಲ್ಟ್‌ಗಳನ್ನ ಎದ್ರಾಬದ್ರಾ ಸ್ವಲ್ಪ ಸ್ವಲ್ಪ ಬಿಗೀಬೇಕು, 500 ಕಿಲೋಮೀಟರ್ ಓಡಿದಮ್ಯಾಲೆ ಇನ್ನೊಮ್ಮೆ ನೋಡ್ಬೇಕು.

ಪ್ರಶ್ನೆ: ಹಳೇ ಡೀಸೆಲ್ ಜೀಪಿಗೆ ಹಿಂದ ಮೆಣಸಿನಕಾಯಿ ಚೀಲ ಹೇರ್ತೀವಿ ಅಂತ ಒಂದೊಂದು ಪಾಟಾ ಜಾಸ್ತಿ ಹಾಕಿಸೀವ್ರಿ. ಲೋಡ್ ಇದ್ದಾಗ ದೊಡ್ಡ ತಗ್ಗಿನಾಗ ಧಡಾಲ್ ಅಂತೈತಿ, ಖಾಲಿ ಇದ್ದಾಗ ಕಿರಗುಡ್ತೈತಿ.
— ಬ್ಯಾಡಗಿಯ ಓದುಗರು

ಉತ್ತರ: ಧಡಾಲ್ ಅನ್ನೂದಕ್ಕ ಮೊದಲ ಬಂಪ್ ಸ್ಟಾಪ್ ರಬ್ಬರ್ (ಆ್ಯಕ್ಸಲ್ ಚಾಸಿಗೆ ಬಡಿಯದಂಗ ತಡಿಯೋ ಗಟ್ಟಿ ರಬ್ಬರ್) ಅದಾವೋ ಇಲ್ಲೋ ನೋಡ್ರಿ. ಹಳೇ ಗಾಡ್ಯಾಗ ಅವು ಯಾವಾಗೋ ಉದುರಿ ಹೋಗಿರ್ತಾವ, ಆ್ಯಕ್ಸಲ್ ಸೀದಾ ಚಾಸಿಗೆ ಹೋಗಿ ಬಡೀತೈತಿ. ಖರ್ಚು ಸಣ್ಣದು, ಬಿಟ್ರ ಚಾಸಿ ಬಿರಕು ಬಿಡ್ತೈತಿ. ಕಿರಗುಡೂದಕ್ಕ ಪಾಟಾದ ಕ್ಲಿಪ್ ನೋಡ್ರಿ, ಪಾಟಾದ ತುದಿ ಬುಡಕ ಪ್ಯಾಡ್ ಹಾಕಸ್ರಿ. ನಡುವ ಗ್ರೀಸ್ ತುಂಬಿದ್ರ ಧೂಳ ಹಿಡದು ಉಜ್ಜುಕಾಗದ ಆಗ್ತೈತಿ. ಹೆಚ್ಚಿನ ಪಾಟಾ ಭಾರ ಹೊರಾಕ ಸಹಾಯ ಮಾಡ್ತೈತಿ ಖರೆ, ಆದ್ರ ಬ್ರೇಕಿಗೆ, ಗಾಲಿ ಬೇರಿಂಗಿಗೆ ಅದರಿಂದ ಬಲ ಬರೂದಿಲ್ಲ, ನಾಲ್ಕು ಚೀಲ ಕಡಿಮಿ ಹೇರ್ರಿ.

ಪ್ರಶ್ನೆ: 2014ರ ಥಾರ್, ಸ್ಪೀಡ್ ಬ್ರೇಕರ್ ದಾಟಿದಾಗ ಮುಂದ ಟಕ್ ಟಕ್. ಹಿಂದಿನ ಪಾಟಾ ಎಲ್ಲಾ ಛಲೋ ಅದಾವ.
— ಧಾರವಾಡದ ಓದುಗರು

ಉತ್ತರ: ನಿಮ್ಮ ಗಾಡಿಗೆ ಮುಂದ ಪಾಟಾ ಇಲ್ಲ, ಟಾರ್ಷನ್ ಬಾರ್ (ತಿರುಚಿ ಸ್ಪ್ರಿಂಗಿನ ಕೆಲಸ ಮಾಡೋ ಉಕ್ಕಿನ ಸಳಿ) ಐತಿ, ಎರಡೂ ಗಾಲಿ ಬ್ಯಾರೆ ಬ್ಯಾರೆ ಆಡ್ತಾವ. ಮೊದಲ ಅನುಮಾನ ಸ್ಟೆಬಿಲೈಸರ್ (ತಿರುವಿನ್ಯಾಗ ಗಾಡಿ ವಾಲದಂಗ ಹಿಡಿಯೋ ಸಳಿ) ಲಿಂಕಿನ ಮ್ಯಾಲೆ. ಎರಡೂ ಕಡೆ ಲಿಂಕ್ ಬಿಚ್ಚಿ, ಕಾಲನಿ ರಸ್ತೆದಾಗ ಮೆಲ್ಲಕ ಒಂದು ಸ್ಪೀಡ್ ಬ್ರೇಕರ್ ದಾಟಿ ನೋಡ್ರಿ. ಸಪ್ಪಳ ಹೋತಂದ್ರ ಲಿಂಕು, ಇಲ್ಲಾ ಅದರ ಬುಷ್ಷು. ಹೋಗಲಿಲ್ಲಂದ್ರ ಬಾಲ್ ಜಾಯಿಂಟ್ (ಗಾಲಿ ಹಿಡಿಯೋ ಆರ್ಮಿನ ತುದಿಯ ಗುಂಡು ಕೀಲು) ಮತ್ತ ಆರ್ಮ್ ಬುಷ್ ಹಾರಿಯಿಂದ ಮೀಟಿ ನೋಡ್ಬೇಕು. ಬಾಲ್ ಜಾಯಿಂಟಿನ್ಯಾಗ ಆಟ ಕಂಡ್ರ ಗಾಡಿ ಅಲ್ಲೆ ನಿಲ್ಲಸ್ರಿ, ಓಡಿಸ್ಕೊಂಡು ಗ್ಯಾರೇಜಿಗೆ ಹೋಗಬ್ಯಾಡ್ರಿ, ಮೇಸ್ತ್ರಿಯನ್ನ ಮನೀಗೆ ಕರಸ್ರಿ.