ಮಕ್ಕಳ ಹೃದಯ ಕವಾಟ: ರಿಪೇರಿ ಮಾಡಿಸುವುದೋ, ಬದಲಿಸುವುದೋ?

ಪ್ರಶ್ನೆ: ಮಗಳಿಗೆ ಮೂರು ವರ್ಷ. ಅಂಗನವಾಡಿಗೆ ಬಂದ, ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರಿ ಆರ್‌ಬಿಎಸ್‌ಕೆ ತಂಡದವರು ಎದೆಯಲ್ಲಿ ಬೇರೆ ಸದ್ದು ಕೇಳಿಸುತ್ತಿದೆ ಎಂದರು. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಮೇಲಿನ ಎರಡು ಕೋಣೆಗಳ ನಡುವೆ ತೂತು, ಎಡಗಡೆಯ ಕವಾಟದಲ್ಲಿ ಸೀಳು, ರಕ್ತದ ಸೋರಿಕೆ ಕಂಡಿದೆ. ಹೊಸ ಕವಾಟವನ್ನೇ ಹಾಕಿಸಿದರೆ ಒಂದೇ ಸಲಕ್ಕೆ ಮುಗಿಯುವುದಿಲ್ಲವೇ?
– ಸೋಮವಾರಪೇಟೆಯ ಓದುಗರು

ಉತ್ತರ: ಇಲ್ಲ. ಲೋಹದ ಕವಾಟ ಮಗುವಿನ ಜೊತೆ ಬೆಳೆಯುವುದಿಲ್ಲ. ಮೂರು ವರ್ಷಕ್ಕೆ ಹಾಕಿದ್ದು ಹತ್ತು-ಹನ್ನೆರಡಕ್ಕೆ ಬಿಗಿಯಾಗಿ ಮತ್ತೆ ಎದೆ ತೆರೆಯಬೇಕಾಗುತ್ತದೆ, ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ಬದುಕಿಡೀ ವಾರ್ಫರಿನ್ ಮಾತ್ರೆ. ಪ್ರಾಣಿ ಅಂಗಾಂಶದ ಕವಾಟಕ್ಕೆ ಆ ಮಾತ್ರೆ ಬದುಕಿಡೀ ಬೇಡ, ಆದರೆ ಮಕ್ಕಳಲ್ಲಿ ಅದು ಸುಣ್ಣ ಕಟ್ಟಿ ಬೇಗ ಕೆಡುತ್ತದೆ. ಹಾಗಾಗಿ ಸ್ವಲ್ಪ ಸೋರಿಕೆ ಉಳಿದರೂ ಸರಿ, ಸ್ವಂತ ಕವಾಟವನ್ನೇ ಹೊಲಿದು ಉಳಿಸಿಕೊಳ್ಳುವುದು ಲೇಸು.

ನಿಮ್ಮ ಮಗಳ ದೋಷಕ್ಕೆ ರಿಪೇರಿ ಚೆನ್ನಾಗಿ ಒಗ್ಗುತ್ತದೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷದೊಳಗೆ ಮಾಡುತ್ತಾರೆ. ಎದೆಮೂಳೆ ಬಿಡಿಸಿ, ಹೃದಯದ ಹೊರಪೊರೆಯಿಂದ ಒಂದು ತುಂಡು ಕತ್ತರಿಸಿಟ್ಟುಕೊಳ್ಳುತ್ತಾರೆ. ರಕ್ತ ಸಂಚಾರವನ್ನು ಹೃದಯ-ಶ್ವಾಸಕೋಶ ಯಂತ್ರಕ್ಕೆ ವಹಿಸಿ, ಪೊಟ್ಯಾಸಿಯಂ ಇರುವ ದ್ರಾವಣ ಕೊಟ್ಟು ಹೃದಯ ನಿಲ್ಲಿಸುತ್ತಾರೆ. ಬಲ ಮೇಲ್ಕೋಣೆ ತೆರೆದು, ಆ ತೂತಿನ ಮೂಲಕವೇ ಎಡ ಕವಾಟವನ್ನು ತಲುಪುತ್ತಾರೆ. ಕೆಳಕೋಣೆಗೆ ಸಲೈನ್ ತುಂಬಿದರೆ ಕವಾಟ ಉಬ್ಬಿ ನಿಲ್ಲುತ್ತದೆ, ಎಲ್ಲಿ ಸೋರುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಸೀಳನ್ನು ಬಿಡಿ ಬಿಡಿ ಹೊಲಿಗೆಗಳಲ್ಲಿ ಮುಚ್ಚಿ, ಮತ್ತೆ ಸಲೈನ್ ತುಂಬಿ ನೋಡಿ, ಕೊನೆಗೆ ಪೊರೆಯ ತುಂಡಿನಿಂದ ತೂತು ಮುಚ್ಚುತ್ತಾರೆ.

ಎಡವುವುದು ಮುಖ್ಯವಾಗಿ ಎರಡು ಕಡೆ. ಹೊಲಿಗೆ ಅತಿಯಾದರೆ ಕವಾಟದ ಬಾಯಿ ಕಿರಿದಾಗುತ್ತದೆ, ಕಡಿಮೆಯಾದರೆ ಸೋರಿಕೆ ಉಳಿಯುತ್ತದೆ. ಇನ್ನೊಂದು, ತೂತಿನ ಅಂಚಿನಲ್ಲೇ ಹೃದಯ ಬಡಿತದ ವಿದ್ಯುತ್ ದಾರಿ ಹಾಯುತ್ತದೆ. ಹೊಲಿಗೆ ಅದಕ್ಕೆ ತಗುಲಿದರೆ ಬಡಿತದ ಸಂಕೇತ ಕೆಳಕೋಣೆಗೆ ತಲುಪದೆ (ಹಾರ್ಟ್ ಬ್ಲಾಕ್) ಪೇಸ್‌ಮೇಕರ್ ಬೇಕಾಗಬಹುದು. ಯಂತ್ರ ಬಿಡಿಸಿದ ಕೂಡಲೇ ಟೇಬಲ್ ಮೇಲೆಯೇ ಎಕೋ ಮಾಡುತ್ತಾರೆ. ಸೋರಿಕೆ ಜಾಸ್ತಿ ಕಂಡರೆ ಮತ್ತೆ ಯಂತ್ರ ಹಾಕಿ ಸರಿಪಡಿಸುತ್ತಾರೆ. ಆಪರೇಷನ್ ತಡವಾಯಿತೆಂದು ಹೊರಗೆ ಕುಳಿತು ಕಂಗಾಲಾಗಬೇಡಿ. ಮುಂದೆ ವರ್ಷಗಳ ನಂತರ ಮತ್ತೆ ಆಪರೇಷನ್ ಬೇಕಾದರೆ, ಹೆಚ್ಚಾಗಿ ಇದೇ ಎಡ ಕವಾಟದ ಸೋರಿಕೆಯಿಂದ. ಆದ್ದರಿಂದ ವರ್ಷಕ್ಕೊಮ್ಮೆಯ ಎಕೋ ತಪ್ಪಿಸಬೇಡಿ.

ಆರ್‌ಬಿಎಸ್‌ಕೆ ಚೀಟಿ ಜೋಪಾನ. ಬಿಪಿಎಲ್ ಕುಟುಂಬವಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ರೆಫರಲ್ ಪತ್ರಕ್ಕೆ ಮಡಿಕೇರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಪ್ರಶ್ನೆ: ಆಪರೇಷನ್ ಆಗಿ ಮನೆಗೆ ಬಂದ ಮಗುವಿಗೆ ಮಡಿಕೇರಿಯ ಎತ್ತರ, ಚಳಿ ತೊಂದರೆಯೇ?
– ಮಡಿಕೇರಿಯ ಓದುಗರು

ಉತ್ತರ: ರಿಪೇರಿ ಚೆನ್ನಾಗಿ ಆಗಿದ್ದರೆ ಈ ಎತ್ತರ ಲೆಕ್ಕಕ್ಕಿಲ್ಲ. ಕಂಕುಳಿಗೆ ಕೈ ಕೊಟ್ಟು ಎತ್ತಬೇಡಿ, ಎದೆಮೂಳೆ ಕೂಡಲು ಆರೆಂಟು ವಾರ ಬೇಕು. ಬೆನ್ನು ಮತ್ತು ಪೃಷ್ಠಕ್ಕೆ ಕೈ ಕೊಟ್ಟು ಎತ್ತಿ. ಮಳೆಗಾಲದ ಜ್ವರವೆಂದು ಅಂಗಡಿಯಿಂದ ಆಂಟಿಬಯೋಟಿಕ್ ತಂದು ಕೊಡುವುದಂತೂ ಬೇಡವೇ ಬೇಡ. ಕವಾಟಕ್ಕೆ ಸೋಂಕು ತಗುಲಿದ್ದರೆ ಅದನ್ನು ಹಿಡಿಯುವುದು ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ. ಮೊದಲೇ ಔಷಧಿ ಬಿದ್ದರೆ ರೋಗಾಣು ಪರೀಕ್ಷೆಯಲ್ಲಿ ಸಿಗದೇ ಹೋಗಬಹುದು. ವೈದ್ಯರಿಗೆ ಆಪರೇಷನ್ ವಿಷಯ ಮೊದಲೇ ಹೇಳಿ.

ಪ್ರಶ್ನೆ: ಮಗನಿಗೆ ಹನ್ನೊಂದು ವರ್ಷ, ಹೃದಯದ ಎಡಗಡೆಯ ಮೈಟ್ರಲ್ ಕವಾಟದ ಜಾಗದಲ್ಲಿ ಲೋಹದ ಕವಾಟವಿದೆ, ವಾರ್ಫರಿನ್ ನಡೆಯುತ್ತಿದೆ. ಕಕ್ಕಡ 18ರ (ಕಕ್ಕಡ ಮಾಸದ ಹದಿನೆಂಟನೇ ದಿನದ) ಹಬ್ಬಕ್ಕೆ ಮದ್ದು ಸೊಪ್ಪಿನ ಪಾಯಸ ಕೊಡಬಹುದೇ? ಕೆಸುವಿನ ಪತ್ರೊಡೆ?
– ವಿರಾಜಪೇಟೆಯ ಓದುಗರು

ಉತ್ತರ: ಪತ್ರೊಡೆ ಕೊಡಬಹುದು. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್ನಿನ ಬಲ ತಗ್ಗಿಸುತ್ತದೆ, ನಿಜ. ಹಾಗೆಂದು ಸೊಪ್ಪು ಬಿಡಿಸಬೇಕಿಲ್ಲ. ವಾರ ವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರಲಿ. ಹಬ್ಬವೆಂದು ಒಮ್ಮೆಲೇ ಜಾಸ್ತಿ ತಿಂದು ಆಮೇಲೆ ತಿಂಗಳುಗಟ್ಟಲೆ ಮುಟ್ಟದಿದ್ದರೆ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಐಎನ್‌ಆರ್ ಏರುಪೇರಾಗುತ್ತದೆ. ಮೈಟ್ರಲ್ ಜಾಗದ ಲೋಹದ ಕವಾಟಕ್ಕೆ ಅದು ಸಾಮಾನ್ಯವಾಗಿ 2.5ರಿಂದ 3.5ರೊಳಗೆ ಇರಬೇಕು.

ಮದ್ದು ಪಾಯಸ ಮಾತ್ರ ಅವನಿಗೆ ಬೇಡ. ಆ ಸೊಪ್ಪು ತಿಂದ ಮೇಲೆ ಮೂತ್ರ ಕೆಂಪಾಗುವುದು ಕೊಡಗಿನವರಿಗೆಲ್ಲ ಗೊತ್ತು. ವಾರ್ಫರಿನ್ ಹೆಚ್ಚಾಗಿ ರಕ್ತ ಹೋದರೂ ಮೂತ್ರ ಕೆಂಪೇ. ಸೊಪ್ಪಿನ ಬಣ್ಣವೋ ರಕ್ತವೋ ಎಂದು ಕಣ್ಣಳತೆಯಲ್ಲಿ ತೀರ್ಮಾನಿಸಲಾಗದು. ಈಗಾಗಲೇ ತಿಂದಿದ್ದು, ಮೂತ್ರ ಕೆಂಪಾಗಿದ್ದರೆ ಅದೇ ದಿನ ಮೂತ್ರ ಪರೀಕ್ಷೆ, ಐಎನ್‌ಆರ್ ಎರಡೂ ಮಾಡಿಸಿ. ವಸಡಿನಲ್ಲಿ ರಕ್ತ, ಕಪ್ಪು ಮಲ, ತಲೆಗೆ ಪೆಟ್ಟು – ಇವಕ್ಕೆ ನೇರ ಆಸ್ಪತ್ರೆಗೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಐಬುಪ್ರೊಫೇನ್ ಬೇಡ. ಒಂದು ಹೊತ್ತಿನ ವಾರ್ಫರಿನ್ ಮರೆತರೆ ಮರುದಿನ ಎರಡು ಸೇರಿಸಿ ಕೊಡಬೇಡಿ.