ಕಾಸರಗೋಡಿನ ಕಡಲಲ್ಲಿ ಓಡಿಸುವ ಸೂಪರ್‌ಚಾರ್ಜ್ಡ್ ಸ್ಪೀಡ್ ಬೋಟಿಗೆ ಇಂಟರ್‌ಕೂಲರ್ ಹಾಕಿಸಿದರೆ ಲಾಭ ಉಂಟಾ?

ಉಂಟು. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಲು ಸೂಪರ್‌ಚಾರ್ಜರ್ ಒತ್ತಿದ ಗಾಳಿ ಬಿಸಿಯಾಗುತ್ತದೆ, ಅದನ್ನು ತಣಿಸುವುದೇ ಇಂಟರ್‌ಕೂಲರ್. 10 ಪಿಎಸ್‌ಐ ಬೂಸ್ಟಿಗೇ (ಹೊರಗಿನ ಗಾಳಿಗಿಂತ ಅಷ್ಟು ಹೆಚ್ಚು ಒತ್ತಡಕ್ಕೇ) 100 ಡಿಗ್ರಿ ದಾಟಬಹುದು. ಬಿಸಿ ಗಾಳಿಯಲ್ಲಿ ಆಮ್ಲಜನಕ ಕಮ್ಮಿ, ನಾಕಿಂಗ್ (ಸಿಲಿಂಡರಿನೊಳಗೆ ಇಂಧನ ತಾನಾಗಿ ಸಿಡಿಯುವುದು) ಜಾಸ್ತಿ. ಬೋಟ್ ಎಂಜಿನ್ ಕಾರಿನ ಹಾಗಲ್ಲ, ತುಂಬಾ ಹೊತ್ತು ಪೂರ್ತಿ ಲೋಡಿನಲ್ಲೇ ಓಡುತ್ತದೆ ಅಲ್ವಾ? ನಾಕಿಂಗಿನಿಂದ ಪಿಸ್ಟನ್ನೇ ತೂತಾದೀತು.

ಬೋಟಿನಲ್ಲಿ ಇಂಟರ್‌ಕೂಲರನ್ನು ತಣಿಸುವುದು ಸಾಮಾನ್ಯವಾಗಿ ಹೊರಗಿನ ನೀರೇ. ನಮ್ಮ ಕಡಲ ನೀರು ಹೆಚ್ಚಾಗಿ 28-30 ಡಿಗ್ರಿ ಇರುವುದರಿಂದ ಗಾಳಿಯನ್ನು ಅದಕ್ಕಿಂತ ತಣ್ಣಗೆ ಮಾಡಲಾಗದು. ಆದರೂ 110ರಿಂದ 50 ಡಿಗ್ರಿಗೆ ಇಳಿಸಿದರೆ ಅದೇ ಒತ್ತಡದಲ್ಲಿ ಶೇ. 18ರಷ್ಟು ಹೆಚ್ಚು ಗಾಳಿ ಸಿಲಿಂಡರಿಗೆ ಹೋಗುತ್ತದೆ. ಇಂಧನವನ್ನೂ ಅದಕ್ಕೆ ಸರಿಯಾಗಿ ಟ್ಯೂನ್ ಮಾಡಿಸಬೇಕು.

ಅಗ್ಗಕ್ಕೆ ಸಿಕ್ಕಿತೆಂದು ಕಾರಿನ ಅಲ್ಯೂಮಿನಿಯಂ ಇಂಟರ್‌ಕೂಲರ್ ಸುಮ್ನೆ ಕೂರಿಸಬೇಡಿ. ಉಪ್ಪುನೀರು ಅದನ್ನು ತಿಂದು ಹಾಕುತ್ತದೆ, ತೂತಾದರೆ ನೀರು ಸೀದಾ ಎಂಜಿನ್ನಿಗೆ. ತಾಮ್ರ-ನಿಕಲ್ ಕೊಳವೆಯದೇ ತನ್ನಿ. ಚಂದ್ರಗಿರಿ ಅಳಿವೆಯಲ್ಲಿ ಓಡಿಸಿ ಬಂದರೂ ಸಿಹಿನೀರು ಹಾಯಿಸಿ ತೊಳೆಯಿರಿ.